ನೋ ಅಂದವನು

ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಎಲ್ಲರ ಹಲ್ಲೂ ಸತ್ತವರ ಹಲ್ಲಿನಂತೆಯೇ ಕಾಣುತ್ತದೆ ಎಂದು ಅವನು ಮೂರನೆಯ ದಿನವೂ ತನಗೆ ತಾನೇ ಹೇಳಿಕೊಂಡ. ಎಡಗೈಯಲ್ಲಿ ಬಣ್ಣದ ಮಾದರಿಗಳ ಪಟ್ಟಿ, ಹದಿನಾರು ಹಲ್ಲುಗಳು ಬೀಗದ ಕೈಗೊಂಚಲಿನಂತೆ ನೇತಾಡುವಂಥದ್ದು. ಬಲಗೈಯಲ್ಲಿ ನಿನ್ನೆ ಮಾಡಿ ಮುಗಿಸಿದ ಎರಡು ಮುಂದಿನ ಹಲ್ಲುಗಳು. ಬಣ್ಣ ಕೂಡಿದೆಯೋ ಇಲ್ಲವೋ ಈ ಬೆಳಕಿನಲ್ಲಿ ದೇವರೇ ಬಂದರೂ ಹೇಳಲಾರ. ತಲೆಯ ಮೇಲೆ ಮೆಟ್ಟಿಲು. ಯಾರೋ ಹತ್ತಿದರು, ದಡ ದಡ ದಡ, ಮೇಜಿನ ಮೇಲೆ ಪ್ಲಾಸ್ಟರಿನ ಧೂಳು ಸಣ್ಣಗೆ ಉದುರಿತು. ಹಲ್ಲು ಕಟ್ಟಿಸಿಕೊಳ್ಳಲು ಬರುವವರಿಗೆ ಕಾಲಲ್ಲಿ ಇಷ್ಟು ಶಕ್ತಿ ಎಲ್ಲಿಂದ ಬರುತ್ತದೆ ಎಂದು ಅವನಿಗೆ ರೇಗಿತು. ಹತ್ತೊಂಬತ್ತು ವರ್ಷ ಅವನು ಮೂಲೆಯ ಕೋಣೆಯಲ್ಲಿ, ಆಳೆತ್ತರದ ಕಿಟಕಿಯ ಪಕ್ಕ ಕೂತು ಕೆಲಸ ಮಾಡಿದ್ದ. ನೇರ ಬಿಸಿಲು ಬೀಳದ, ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದ ಬೆಳಕಿನ ಕಿಟಕಿ. ಆ ಬೆಳಕಿನಲ್ಲಿ ಹಲ್ಲಿನ ಬುಡದ ಹಳದಿ, ಮಧ್ಯದ ಹಾಲುಬಣ್ಣ, ತುದಿಯಲ್ಲಿ ನೀರಿನಂಥ ನಸುನೀಲಿ ಎಲ್ಲ ತಾವಾಗಿಯೇ ಬಂದು ಕಣ್ಣೆದುರು ನಿಲ್ಲುತ್ತಿದ್ದವು. ಹಳೆಯ ಡಾಕ್ಟರು ಅವನನ್ನು ಹಲ್ಲುಬ್ರಹ್ಮ ಎಂದು ಕರೆಯುತ್ತಿದ್ದರು. ಈಗ ಬ್ರಹ್ಮನನ್ನು ತಂದು ಮೆಟ್ಟಿಲ ಕೆಳಗೆ, ಪೊರಕೆ ಇಡುತ್ತಿದ್ದ ಜಾಗದಲ್ಲಿ ಕೂರಿಸಿದ್ದರು. ಕೋಣೆಗೆ ಕಿಟಕಿಯಿಲ್ಲ. ಬಾಗಿಲಿನ ತೊಲೆ ತಗ್ಗು. ಅದರ ಮೇಲೆ ಯಾವ ಕಾಲದಲ್ಲೋ ಯಾರೋ ಕೆಂಪು ಬಣ್ಣದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು: ಮೈಂಡ್ ಯುವರ್ ಹೆಡ್. ಮೂರು ದಿನದಲ್ಲಿ ಐದು ಸಲ ಅವನ ಹಣೆ ಆ ಬರಹಕ್ಕೇ ಬಡಿದಿತ್ತು. ಮನಸ್ಸು, ನಿನ್ನ, ತಲೆ. ಬರೆಯುವುದಾದರೆ ಅರ್ಥವಾಗುವಂತೆ ಬರೆಯಬಾರದೇ ಎಂದು ಹಣೆ ಉಜ್ಜಿಕೊಳ್ಳುತ್ತ ಐದು ಸಲವೂ ಬೈದುಕೊಂಡಿದ್ದ.

ಅವನ ಹೊಟ್ಟೆ ಉರಿಯುತ್ತಿದ್ದದ್ದು ಕೋಣೆ ಹೋಯಿತು ಎಂದಷ್ಟೇ ಅಲ್ಲ, ತಾನು ನೋ ಅಂದ ಮೇಲೂ ಹೋಯಿತಲ್ಲ ಎಂದು. ಕಳೆದ ಗುರುವಾರ ಹೊಸ ಡಾಕ್ಟರು ಬಾಗಿಲಲ್ಲಿ ಬಂದು ನಿಂತಿದ್ದಳು. ಹಳೆಯ ಡಾಕ್ಟರು ಆಸ್ಪತ್ರೆ ಬಿಟ್ಟುಕೊಟ್ಟು ಹೋಗಿ ಎರಡು ತಿಂಗಳಾಗಿತ್ತು. ಇವಳಿಗೆ ಅವನ ಅಕ್ಕನ ಮಗಳ ವಯಸ್ಸು. ರೋಗಿಗಳ ಹತ್ತಿರ ಕನ್ನಡ, ರೋಗಿಗಳ ಹೆಸರು ಬರೆದುಕೊಳ್ಳುವ ಮುಂದಿನ ಮೇಜಿನವಳ ಹತ್ತಿರ ಕನ್ನಡ, ನೆಲ ಒರೆಸುವವಳ ಹತ್ತಿರವೂ ಕನ್ನಡ. ಅವನ ಹತ್ತಿರ ಮಾತ್ರ ಇಂಗ್ಲಿಷ್. ಬೇಕೆಂದೇ ಮಾಡುತ್ತಾಳೆ, ನನ್ನ ಓದು ಎಷ್ಟೆಂದು ಅಳೆಯಲಿಕ್ಕೆ ಎಂದು ಅವನಿಗೆ ಮೊದಲ ವಾರವೇ ಖಾತ್ರಿಯಾಗಿತ್ತು. ಗುರುವಾರ ಅವಳು, "ಸರ್, ವುಡ್ ಯು ಮೈಂಡ್ ಇಫ್ ವಿ ಟುಕ್ ದಿಸ್ ರೂಮ್ ಫಾರ್ ದಿ ಎಕ್ಸ್-ರೇ?" ಅಂದಳು. ರೂಮ್ ತಿಳಿಯಿತು, ಎಕ್ಸ್-ರೇ ತಿಳಿಯಿತು, ಟುಕ್ ಎಂದರೆ ತೆಗೆದುಕೊಳ್ಳುವುದು ಎಂದು ಹತ್ತನೇ ತರಗತಿಯ ಯಾವುದೋ ಮೂಲೆಯಿಂದ ನೆನಪು ಎದ್ದು ಬಂತು. ಮೈಂಡ್ ಎಂದರೆ ಮನಸ್ಸು. ಕೋಣೆ ಬಿಟ್ಟುಕೊಡಲು ಮನಸ್ಸಿದೆಯಾ ಎಂದು ಕೇಳುತ್ತಿದ್ದಾಳೆ. ಐವತ್ತೆರಡು ವರ್ಷದಲ್ಲಿ ಯಾವ ಮೇಲಿನವರ ಮುಖಕ್ಕೂ ಅಡ್ಡ ಮಾತಾಡಿದವನಲ್ಲ ಅವನು. ಕೈಯಲ್ಲಿದ್ದ ಮೇಣದ ಚಾಕು ಕೆಳಗಿಟ್ಟು, ಎದ್ದು ನಿಂತು, "ನೋ" ಅಂದ. ಅವಳ ಮುಖ ಅರಳಿತು. "ಥ್ಯಾಂಕ್ ಯು ಸೋ ಮಚ್! ವೆರಿ ಕೈಂಡ್ ಆಫ್ ಯು!" ಅಂದು ಹೊರಟೇಹೋದಳು. ಎಂಥ ವ್ಯಂಗ್ಯ, ಎಂಥ ಗಟ್ಟಿಗಿತ್ತಿ! ಆದರೂ ಆ ಸಂಜೆ ಅವನು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸದೆ ನೆಟ್ಟಗೆ ಕೂತು ಮನೆಗೆ ಬಂದಿದ್ದ. ಸೋಮವಾರ ಬೆಳಿಗ್ಗೆ ಇಬ್ಬರು ಆಳುಗಳು ಬಂದು ಅವನ ಮೇಜನ್ನು ಎತ್ತಿಕೊಂಡು ಹೋದರು.

ಆಮೇಲೆ ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಮುಂದಿನ ಮೇಜಿನವಳಿಗೆ ಹೇಳಿದ. ಅವಳಿಗೆ ಆಸ್ಪತ್ರೆಯಲ್ಲಿ ರೇಡಿಯೋ ಎಂದೇ ಹೆಸರು, ಅವಳಿಗೆ ಹೇಳಿದರೆ ಊರಿಗೆಲ್ಲ ಹೇಳಿದ ಹಾಗೆ. ಬಸ್ಸಿನಲ್ಲಿ ಪಕ್ಕ ಕೂತವನಿಗೆ ಹೇಳಿದ, ಫೋನಿನಲ್ಲಿ ಅಕ್ಕನಿಗೆ ಹೇಳಿದ. ಹೆಂಡತಿಗೆ ಮೂರು ಸಲ ಹೇಳಿದ. ಹೇಳಿದಂತೆಲ್ಲ ಆ ನೋ ಬೆಳೆಯುತ್ತ ಹೋಯಿತು. ಮೊದಲು ಬರೀ ನೋ, ಆಮೇಲೆ ಗಟ್ಟಿಯಾಗಿ ನೋ, ನಿನ್ನೆ ಹೇಳುವಾಗ ಮೇಜು ಗುದ್ದಿ ನೋ. "ಮುಖದ ಮೇಲೆ ಹೊಡೆದ ಹಾಗೆ ಅಂದೆ ಕಣೇ. ಕೇಳಿಸ್ಕೊಂಡು ನಗ್ತಾಳೆ! ನಕ್ಕು, ನನ್ನ ಮೇಜು ಎತ್ತಿಸ್ತಾಳೆ! ಮನುಷ್ಯ ಬೇಡ ಅಂದ್ರೆ ಬೇಡ ಅಂತ ತಿಳ್ಕೊಳ್ಳೋಕೆ ಎಷ್ಟು ಓದಿರಬೇಕು?" ಹೆಂಡತಿ ಬಟ್ಟೆ ಮಡಿಸುತ್ತಿದ್ದವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ಏನೋ ಅನ್ನಲು ಹೋಗಿ, ಅಂಗಿಯ ಕಾಲರು ಸರಿಮಾಡಿ, "ಹೋಗ್ಲಿ ಬಿಡಿ" ಅಂದಿದ್ದಳು. ಅದೂ ಅವನಿಗೆ ರೇಗಿತ್ತು. ಯಾವುದಕ್ಕೂ ಹೋಗ್ಲಿ ಬಿಡಿ ಅನ್ನುವವರ ಜೊತೆ ಸಂಸಾರ ಮಾಡುವುದು ಗೋಡೆಗೆ ಚೆಂಡು ಹೊಡೆದ ಹಾಗೆ. ಗೋಡೆಯೂ ವಾಸಿ, ಚೆಂಡನ್ನಾದರೂ ವಾಪಸು ಕೊಡುತ್ತದೆ.

"ಒಳಗೆ ಬರಬಹುದಾ?" ಎನ್ನುವ ದನಿ ಕೇಳಿ ಅವನು ತಲೆಯೆತ್ತಿದ. ಆ ಎರಡು ಹಲ್ಲುಗಳ ಒಡತಿ. ನಲವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಟೀಚರು. ಬಚ್ಚಲಿನಲ್ಲಿ ಜಾರಿ ಬಿದ್ದು ಮೇಲಿನ ಎರಡು ಹಲ್ಲು ಕಳೆದುಕೊಂಡಿದ್ದರು. ವಾರಕ್ಕೆರಡು ದಿನ ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಾಠದ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವುದು ಅವರ ಈಗಿನ ಕೆಲಸ. ಆರು ವಾರದಿಂದ ಅದು ನಿಂತಿತ್ತು. ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ನುಗ್ಗಿ ಮಾತೆಲ್ಲ ಸೀಟಿಯಾಗುತ್ತಿತ್ತು. "ಬಗ್ಗಿ ಬನ್ನಿ, ಬಗ್ಗಿ ಬನ್ನಿ" ಎಂದು ಅವನು ಕೂಗುವ ಮೊದಲೇ ಅವರು ತೊಲೆಯ ಮೇಲಿನ ಬರಹವನ್ನು ಓದಿ, ತಲೆ ತಗ್ಗಿಸಿ, ಸಲೀಸಾಗಿ ಒಳಗೆ ಬಂದಿದ್ದರು. ಹಲ್ಲು ಕೂರಿಸಿದ. ಕಚ್ಚಿಸಿ ನೋಡಿದ. ಬಿಗಿ ಸರಿಯಾಗಿತ್ತು. ಕನ್ನಡಿ ಕೊಟ್ಟ. ಅವರು ಕನ್ನಡಿ ಹಿಡಿದುಕೊಂಡು ಬಾಗಿಲಾಚೆ ಮೊಗಸಾಲೆಯ ಬೆಳಕಿಗೆ ಹೋಗಿ, ತುಟಿ ಸರಿಸಿ ನೋಡಿಕೊಂಡು, ವಾಪಸು ಬಂದರು.

"ಕೋಪ ಮಾಡ್ಕೋಬೇಡಪ್ಪ. ಇದು ನನ್ನ ಹಲ್ಲಲ್ಲ. ಬೀಡಿ ಸೇದೋ ಯಾವನೋ ಗಂಡಸಿಂದು."

ಅವನ ಕಿವಿ ಬಿಸಿಯಾಯಿತು. ಹತ್ತೊಂಬತ್ತು ವರ್ಷದಲ್ಲಿ ಬಣ್ಣ ಕೂಡಲಿಲ್ಲವೆಂದು ಒಂದು ಹಲ್ಲೂ ವಾಪಸು ಬಂದಿರಲಿಲ್ಲ. "ತಪ್ಪು ನಂದಲ್ಲ ಟೀಚರ್" ಅಂದ. ಅಂದಕೂಡಲೇ ಅದು ಶಾಲೆಯ ಹುಡುಗನ ಮಾತಿನಂತೆ ಕೇಳಿ ಇನ್ನಷ್ಟು ಸಿಟ್ಟು ಬಂದು, ಕಿಟಕಿ, ಕೋಣೆ, ಗುರುವಾರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮೇಜು ಗುದ್ದಿದ್ದನ್ನೂ ಸೇರಿಸಿದ. "ನಾನು ಅಷ್ಟು ಸ್ಪಷ್ಟವಾಗಿ ನೋ ಅಂದಿದೀನಿ!"

"ಅವರು ಏನಂತ ಕೇಳಿದ್ರು? ಅದೇ ಮಾತಲ್ಲಿ ಹೇಳು."

ಅವನು ಹೇಳಿದ. ಒಂದು ವಾರದಿಂದ ಉರು ಹೊಡೆದಂತಿದ್ದ ಮಾತು, ಒಂದಕ್ಷರ ತಪ್ಪಲಿಲ್ಲ. ಟೀಚರು ಕಣ್ಣು ಮುಚ್ಚಿದರು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನಗು ತಡೆಯುತ್ತಿದ್ದಾರೆ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಅಲ್ಲಿ ಮೈಂಡ್ ಅಂದ್ರೆ ಮನಸ್ಸಲ್ಲಪ್ಪ. ಅದು ಕ್ರಿಯಾಪದ. ಬೇಜಾರು ಮಾಡ್ಕೊಳ್ಳೋದು, ಅಡ್ಡಿ ಅನ್ನೋದು. ಈ ಕೋಣೆ ತಗೊಂಡ್ರೆ ನಿಮಗೇನಾದ್ರೂ ಅಡ್ಡಿ ಇದೆಯಾ ಅಂತ ಕೇಳಿದ್ದಾರೆ. ನೀನು ಏನೂ ಇಲ್ಲ, ಧಾರಾಳವಾಗಿ ತಗೊಳ್ಳಿ ಅಂದಿದೀಯ. ಅದೂ ಎದ್ದು ನಿಂತು."

ತಲೆಯ ಮೇಲೆ ಯಾರೋ ಮೆಟ್ಟಿಲಿಳಿದರು. ಧೂಳು ಉದುರಿತು. ಅವನು ಉದುರಿದ ಧೂಳನ್ನು ಅಂಗೈಯಿಂದ ಒಂದು ಕಡೆ ಗುಡ್ಡೆ ಮಾಡಿದ, ಮತ್ತೆ ಹರಡಿದ. "ಹಾಗಾದ್ರೆ ಯೆಸ್ ಅನ್ನಬೇಕಿತ್ತಾ?"

"ಯೆಸ್ ಅಂದ್ರೆ ಜಗಳಕ್ಕೆ ನಿಂತ ಹಾಗೆ. ಯಾರೂ ಯೆಸ್ ಅನ್ನಲ್ಲ. ಆ ಪ್ರಶ್ನೆ ಹುಟ್ಟಿರೋದೇ ನೋ ಅನ್ನಿಸ್ಕೊಳ್ಳೋಕೆ."

"ಮತ್ತೆ ಕೇಳೋದು ಯಾಕೆ? ನೋ ಅಂದ್ರೂ ಅವರದೇ, ಯೆಸ್ ಅಂದ್ರೆ ಜಗಳ. ಇದೆಂಥ ಭಾಷೆ ಟೀಚರ್, ಇದೇನು ಪ್ರಶ್ನೆನಾ ಇಲಿಬೋನಾ?"

"ನಲವತ್ತು ವರ್ಷ ಹುಡುಗರೂ ಇದನ್ನೇ ಕೇಳಿದ್ರು" ಎಂದು ಅವರು ಕುರ್ಚಿ ಎಳೆದು ಕೂತರು. ತರಗತಿಯ ದನಿ ಬಂದಿತ್ತು. "ಒಂದೇ ಪದಕ್ಕೆ ಎಷ್ಟು ಕೆಲಸ ನೋಡು. ನಿನ್ನ ಬಾಗಿಲ ಮೇಲಿದೆಯಲ್ಲ, ಅಲ್ಲಿ ಅದಕ್ಕೆ ಜೋಪಾನ ಅಂತ ಅರ್ಥ. ತಲೆ ಜೋಪಾನ. ಮೈಂಡ್ ದಿ ಬೇಬಿ ಅಂದ್ರೆ ಮಗೂನ ನೋಡ್ಕೋ. ಕೂಸಿರಬಹುದು, ಕಾಯಿಲೆಯವರಿರಬಹುದು, ಹತ್ತಿರ ಕೂತು ನೋಡ್ಕೊಳ್ಳೋದು. ಆಮೇಲೆ ಐ ಡೋಂಟ್ ಮೈಂಡ್ ಅಂತಾರೆ, ನನಗೇನೂ ಇಲ್ಲ ಬಿಡಿ ಅನ್ನೋ ಹಾಗೆ. ಅದನ್ನ ಅನ್ನೋರಲ್ಲಿ ಅರ್ಧಕ್ಕರ್ಧ ಜನಕ್ಕೆ ಒಳಗೆ ಏನೋ ಇದ್ದೇ ಇರುತ್ತೆ."

ಅವನು ಅದರ ಅರ್ಧವನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ರೇಡಿಯೋ ಕಣ್ಣಮುಂದೆ ಬಂದಳು. ಅಕ್ಕ ಬಂದಳು. ಬಸ್ಸಿನವನು ಬಂದ, ಅವನಿಗೆ ಇಂಗ್ಲಿಷ್ ಬರುತ್ತಿದ್ದಿರಬಹುದು, ಅದಕ್ಕೇ ಕೆಮ್ಮಿದಂತೆ ಮಾಡಿ ಮುಖ ತಿರುಗಿಸಿದನೇ? ಮತ್ತೆ ಹೆಂಡತಿ. ಮದುವೆಯಾದ ಮೇಲೂ ಒಂಬತ್ತು ವರ್ಷ ಅವಳು ಛಾಪಖಾನೆಯಲ್ಲಿ ಕರಡು ತಿದ್ದುತ್ತಿದ್ದವಳು, ಎರಡು ಭಾಷೆಯಲ್ಲಿ. ಮನೆಗೆ ಬಂದರೆ ಬೆರಳಲ್ಲಿ ಕೆಂಪು ಮಸಿ ಇರುತ್ತಿತ್ತು, ಔಷಧಿಯ ಶೀಶೆಯ ಮೇಲಿನ ತಪ್ಪನ್ನೂ ಪೆನ್ನು ತೆಗೆದು ತಿದ್ದುತ್ತಿದ್ದಳು. ಅವಳಿಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ಅಂಗಿಯ ಕಾಲರು ಸರಿಮಾಡಿ ಹೋಗ್ಲಿ ಬಿಡಿ ಅಂದಳಲ್ಲ!

ಈ ಸಿಟ್ಟಿನಲ್ಲೇ ಅವನು ಎದ್ದ. ಟೀಚರಿಗೆ ಐದು ನಿಮಿಷ ಕೂತಿರಲು ಹೇಳಿ, ತೊಲೆಗೆ ಆರನೆಯ ಸಲ ಹಣೆ ಬಡಿದುಕೊಂಡು, ಮೊಗಸಾಲೆ ದಾಟಿ, ಡಾಕ್ಟರ ಕೋಣೆಯ ಬಾಗಿಲು ತಟ್ಟಿದ. ಅವಳು ಯಾವುದೋ ಕಾಗದ ಓದುತ್ತಿದ್ದಳು. ದಾರಿಯಲ್ಲಿ ಕಟ್ಟಿಕೊಂಡು ಬಂದ ವಾಕ್ಯವನ್ನು ಅವನು ಜಾರುವ ಮೊದಲೇ ಹೇಳಿಬಿಟ್ಟ.

"ಮೇಡಂ. ಐ ಮೈಂಡ್."

"ಸಾರಿ?"

"ರೂಮ್. ಥರ್ಸ್‌ಡೇ ಐ ಸೇ ನೋ. ಬಟ್ ಐ ಮೈಂಡ್. ವೆರಿ ಮಚ್ ಐ ಮೈಂಡ್."

ಅವಳು ಕಾಗದ ಕೆಳಗಿಟ್ಟು ಅವನ ಹಣೆಯನ್ನು ನೋಡಿದಳು. "ಕೂತ್ಕೊಳ್ಳಿ. ಏನಾಯ್ತು ಹಣೆಗೆ? ಕನ್ನಡದಲ್ಲೇ ಹೇಳಿ, ಪರವಾಗಿಲ್ಲ."

"ಕನ್ನಡದಲ್ಲಿ ಹೇಳಬಹುದಾ? ಎರಡು ತಿಂಗಳಿಂದ ನನ್ನ ಹತ್ತಿರ ಮಾತ್ರ ಇಂಗ್ಲಿಷಲ್ಲಿ ಮಾತಾಡ್ತೀರಲ್ಲ ಮೇಡಂ. ನೆಲ ಒರೆಸೋಳ ಹತ್ತಿರ ಕೂಡ ಕನ್ನಡ."

"ಅಯ್ಯೋ, ಶುರು ಮಾಡಿದ್ದು ನೀವಲ್ವಾ? ನಾನು ಬಂದ ಮೊದಲ ದಿನ ಬಾಗಿಲಲ್ಲಿ ನಿಂತು, ಗುಡ್ ಮಾರ್ನಿಂಗ್ ಮೇಡಂ, ಮೈಸೆಲ್ಫ್ ಸೀನಿಯರ್ ಟೆಕ್ನಿಶಿಯನ್, ವಾರ್ಮ್ ವೆಲ್ಕಮ್ ಅಂದ್ರಿ. ದೊಡ್ಡವರು, ಇಂಗ್ಲಿಷೇ ಇಷ್ಟ ಇರಬೇಕು ಅಂದ್ಕೊಂಡೆ. ನಾನು ಕನ್ನಡದಲ್ಲಿ ಮಾತಾಡಿದ್ರೆ ನಿಮಗೆ ಇಂಗ್ಲಿಷ್ ಬರಲ್ಲ ಅಂದ್ಕೊಂಡಿದೀನಿ ಅಂತ ನಿಮಗೆ ಬೇಜಾರಾದ್ರೆ? ಅದಕ್ಕೇ ನಾನೂ ಹೇಗೋ ಎಳ್ಕೊಂಡು ಬಂದೆ."

ಆ ಸ್ವಾಗತದ ಮಾತನ್ನು ಅವನು ಅಕ್ಕನ ಮಗಳಿಂದ ಬರೆಸಿಕೊಂಡು ಎರಡು ದಿನ ಬಾಯಿಪಾಠ ಮಾಡಿದ್ದ. ಅದು ಈಗ ನೆನಪಾಗಿ ಕೂತಲ್ಲೇ ಕುಗ್ಗಿಹೋದ. ಆದರೆ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಕಿಟಕಿಯ ಬೆಳಕಿನ ವಿಷಯ ಹೇಳಿದ, ಟ್ಯೂಬ್‌ಲೈಟಿನ ವಿಷಯ, ಬೀಡಿ ಸೇದುವ ಗಂಡಸಿನ ಹಲ್ಲಿನ ವಿಷಯ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು. ಆಮೇಲೆ, "ಆ ಕಿಟಕಿಗೆ ನಿನ್ನೆನೇ ಸೀಸದ ತಗಡು ಹೊಡೆಸಿಬಿಟ್ವಿ. ಎಕ್ಸ್-ರೇ ಹೊರಗೆ ಹೋಗಬಾರದಲ್ಲ. ಇನ್ನು ತೆಗೆಯೋಕಾಗಲ್ಲ" ಅಂದಳು. ಕೆಳಗಿಟ್ಟ ಕಾಗದವನ್ನು ಪಕ್ಕಕ್ಕೆ ಸರಿಸಿದಳು. "ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬೇಡಿ. ಅವತ್ತು ನಿಮ್ಮ ಮುಖ ನೋಡಿದ್ರೇ ಗೊತ್ತಾಗ್ತಿತ್ತು, ನಿಮಗೆ ಇಷ್ಟ ಇಲ್ಲ ಅಂತ. ಆದ್ರೆ ಬಾಯಲ್ಲಿ ನೋ ಅಂದ್ರಿ. ನನಗೆ ಅದು ಅನುಕೂಲವಾಗಿತ್ತು. ಅದನ್ನೇ ನಂಬಿದೆ."

ಯಾಕೆ ಹಾಗೆ ನೆಟ್ಟಗೆ ಒಪ್ಪಿಕೊಂಡಳು ಎಂದು ಅವನಿಗೆ ಅವಳ ಮೇಲೆ ರೇಗಿತು. ಒಪ್ಪಿಕೊಳ್ಳದಿದ್ದರೆ ಇನ್ನೂ ಸ್ವಲ್ಪ ಬೈಯಬಹುದಿತ್ತು. ಅವಳ ಕೋಣೆಯ ಕಿಟಕಿಯ ಬಳಿ, ರೋಗಿಗಳು ಬರುವ ಮೊದಲು, ದಿನಾ ಒಂದು ಗಂಟೆ ಕೂತು ಬಣ್ಣ ನೋಡಿಕೊಳ್ಳಬಹುದು ಎಂದಳು. ಆಗಲಿ ಅಂದ. ಹೊರಗೆ ಬಂದರೆ ರೇಡಿಯೋ ಮುಂದಿನ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು, ಭುಜವೆಲ್ಲ ಕುಣಿಯುತ್ತಿತ್ತು. ಬಾಗಿಲು ತೆರೆದೇ ಇತ್ತೆಂದು ಆಗ ತಿಳಿಯಿತು. "ಅಣ್ಣಾ, ಒಂದು ಲೋಟ ಚಹಾ ತರಿಸ್ಲಾ? ಅಡ್ಡಿ ಇಲ್ಲ ತಾನೇ?" ಅಂದಳು. ಅವನಿಗೆ ಏನು ಹೇಳಿದರೆ ಏನಾಗುತ್ತದೋ ತೋಚದೆ ಸುಮ್ಮನೆ ದಾಟಿಹೋದ.

ಟೀಚರನ್ನು ಕರೆದುಕೊಂಡು ಹೋಗಿ ಆಸ್ಪತ್ರೆಯ ಹೊರಗಿನ ಮೆಟ್ಟಿಲ ಮೇಲೆ, ಬಯಲು ಬೆಳಕಿನಲ್ಲಿ ಕೂರಿಸಿದ. ಬೀದಿಯಲ್ಲಿ ಹೋಗುವವರು ನೋಡುತ್ತಿದ್ದರು. ಒಬ್ಬ ಮುದುಕ ನಿಂತೇಬಿಟ್ಟ. "ನೋಡ್ಲಿ ಬಿಡು, ನಾನು ಹೆದರೋಳಲ್ಲ" ಎಂದು ಅವರು ಬಾಯಿ ತೆರೆದರು. ಅವನು ಮಾದರಿಯ ಹಲ್ಲುಗಳನ್ನು ಒಂದೊಂದಾಗಿ ಅವರ ಹಲ್ಲಿನ ಪಕ್ಕ ಹಿಡಿಯುತ್ತ ಬಂದ. ಹತ್ತು ನಿಮಿಷದಲ್ಲಿ ಬಣ್ಣ ಸಿಕ್ಕಿತು, ಬುಡದಲ್ಲಿ ಒಂದು ಎಳೆ ಕಂದು, ತುದಿಯಲ್ಲಿ ಬೂದಿ. ಕೈ ತನ್ನ ಕೆಲಸ ಮಾಡುತ್ತಿತ್ತು. ಅವನು ಮಾತ್ರ ಅಲ್ಲಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಲಕ್ವ ಹೊಡೆದ ವಾರ ಅವನ ಕಣ್ಣಮುಂದಿತ್ತು. ಬಲಭಾಗ ಪೂರ್ತಿ ಹೋಗಿತ್ತು, ಒಂದು ಚಮಚ ನೀರಿಗೂ ಇನ್ನೊಬ್ಬರು ಬೇಕು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನು ಹೆಂಡತಿಯನ್ನು ಕೇಳಿದ್ದ: ಛಾಪಖಾನೆಯ ಕೆಲಸ ಬಿಟ್ಟರೆ ನಿನಗೇನೂ ಬೇಜಾರಿಲ್ಲ ತಾನೇ? ಅವಳು ಒಲೆಯ ಕಡೆಗೇ ಮುಖ ಮಾಡಿಕೊಂಡು ಇಲ್ಲ ಅಂದಿದ್ದಳು. ಹನ್ನೊಂದು ವರ್ಷ ಅಮ್ಮನನ್ನು ನೋಡಿಕೊಂಡಳು. ಅಮ್ಮ ಹೋಗಿ ಮೂರು ವರ್ಷವಾಯಿತು. ಈ ಹದಿನಾಲ್ಕು ವರ್ಷದಲ್ಲಿ ಆ ಇಲ್ಲ ಅವನಿಗೆ ಎಷ್ಟು ಸಲ ಉಪಯೋಗಕ್ಕೆ ಬಂದಿತ್ತು. ಅವಳು ಮಾತಿಲ್ಲದೆ ಕೂತ ಸಂಜೆಗಳಲ್ಲಿ ಬಂದಿತ್ತು, ಛಾಪಖಾನೆಯವರು ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡ ಸುದ್ದಿ ಬಂದ ದಿನ ಬಂದಿತ್ತು. ಕೇಳಿದೆನಲ್ಲ, ಇಲ್ಲ ಅಂದಳಲ್ಲ. ಅವಳ ಮುಖ ಹೇಗಿತ್ತು? ಅವನಿಗೆ ಅವಳ ಬೆನ್ನು ಮಾತ್ರ ನೆನಪಿಗೆ ಬಂತು. "ಸಾಕೇನಪ್ಪ, ದವಡೆ ನೋಯ್ತಿದೆ" ಅಂದರು ಟೀಚರು.

ಸಂಜೆ ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿದ್ದಳು. ಅವನು ಚಪ್ಪಲಿ ಕೂಡ ಸರಿಯಾಗಿ ಬಿಡದೆ, "ನಿನಗೆ ಗೊತ್ತಿತ್ತು" ಅಂದ.

"ಏನು?"

"ಮೈಂಡ್ ಅಂದ್ರೆ ಏನು ಅಂತ. ಮೂರು ಸಲ ಹೇಳಿದೆ. ಮೂರು ಸಲವೂ ಸುಮ್ಮನೆ ಕೇಳಿಸ್ಕೊಂಡೆ. ಮೊದಲ ದಿನ ಹೇಳಿದ್ರೆ ಕಿಟಕಿಗೆ ತಗಡು ಬೀಳ್ತಿರಲಿಲ್ಲ!"

ಅವಳು ಅವನನ್ನು ನೋಡಿದಳು, ಹಣೆಯ ಬಾವನ್ನು ನೋಡಿದಳು, ತುಟಿ ಬಿಗಿಹಿಡಿದಳು, ತಡೆಯಲಾಗದೆ ನಕ್ಕುಬಿಟ್ಟಳು. ಗೋಡೆ ಹಿಡಿದುಕೊಂಡು ನಕ್ಕಳು. "ಹೇಳೋಣ ಅಂತಲೇ ಇದ್ದೆ. ಜೀವನದಲ್ಲಿ ಮೊದಲ ಸಲ ಯಾರಿಗೋ ನೋ ಅಂದೆ ಅಂತ ಎದೆ ಉಬ್ಬಿಸ್ಕೊಂಡು ಬಂದಿದ್ರಿ. ಹೇಗೆ ಹೇಳ್ಲಿ?"

ಆ ನಗು ಕಂಡು ಅವನಿಗೆ ಧೈರ್ಯ ಬಂತೋ ಅಥವಾ ರೇಗಿತೋ. "ನಾನು ಕೇಳ್ದಾಗ ನೀನೂ ಹಾಗೇ ಅಂದಿದ್ದೆ" ಅಂದ. "ಅಮ್ಮನಿಗೆ ಹುಷಾರು ತಪ್ಪಿದಾಗ. ಇಲ್ಲೇ, ಈ ಬಾಗಿಲಲ್ಲಿ ನಿಂತು ಕೇಳಿದೆ. ಕೆಲಸ ಬಿಡೋಕೆ ಬೇಜಾರಿಲ್ಲ ತಾನೇ ಅಂದೆ. ನೀನು ಇಲ್ಲ ಅಂದೆ. ಅದು ನಿಜವಾಗ್ಲೂ ಇಲ್ಲವಾ?"

ಅವಳ ನಗು ಒಮ್ಮೆಲೇ ನಿಲ್ಲಲಿಲ್ಲ; ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಸೌಟನ್ನು ತಟ್ಟೆಯ ಮೇಲಿಟ್ಟಳು.

"ಕೇಳಿದ್ರಾ? ಯಾವಾಗ?"

"ಅದೇ, ಆ ವಾರ..."

"ನೀವು ನನ್ನನ್ನ ಕೇಳಲಿಲ್ಲ." ಅವಳ ದನಿಯಲ್ಲಿ ಜಗಳವಿರಲಿಲ್ಲ, ಕರಡು ತಿದ್ದುವಾಗ ಪಕ್ಕದಲ್ಲಿ ಗುರುತು ಹಾಕುವವರ ನಿಧಾನವಿತ್ತು. "ನಾನು ಅವತ್ತು ಕೆಲಸದಿಂದ ಬಂದು ಹೊರಗೆ ಚಪ್ಪಲಿ ಬಿಡ್ತಿದ್ದೆ. ನೀವು ನಡುಮನೇಲಿ ಸ್ಪೀಕರ್ ಹಾಕ್ಕೊಂಡು ಅಕ್ಕನ ಜೊತೆ ಫೋನಲ್ಲಿದ್ರಿ. ಅವಳು ಕೆಲಸ ಬಿಡ್ತಾಳೆ ಅಕ್ಕ, ಅವಳೇನೂ ಮೈಂಡ್ ಮಾಡಲ್ಲ ಬಿಡು, ಅಂದ್ರಿ. ಅಕ್ಕ ಆಗಲೇ ಅಳ್ತಾ ಇದ್ರು, ಇಂಥ ಸೊಸೆ ಸಿಗಬೇಕು ಅಂತ. ನನಗೆ ಹೊರಗೇ ಕೇಳಿಸ್ತಿತ್ತು. ಒಳಗೆ ಬಂದು ಕೆಲಸ ಬಿಡಲ್ಲ ಅನ್ನೋಕೆ ಏನು ಉಳಿದಿತ್ತು?"

ಅವನು ಬಾಗಿಲ ಚೌಕಟ್ಟನ್ನು ನೋಡಿದ. ಅಡುಗೆಮನೆಯ ಬಾಗಿಲು, ಅವಳ ಬೆನ್ನು, ಒಲೆಯ ಕಡೆ ತಿರುಗಿದ ಮುಖ, ಅಷ್ಟು ಸ್ಪಷ್ಟವಾಗಿ ಕಂಡಿತ್ತಲ್ಲ. ಸೀರೆಯ ಬಣ್ಣ ಯಾವುದೆಂದು ಹುಡುಕಿದ. ಸಿಗಲಿಲ್ಲ. ತಾನು ಯಾವ ಮಾತಿನಲ್ಲಿ ಕೇಳಿದೆ ಎಂದು ಹುಡುಕಿದ. ಕೇಳಿದಂತೆ ಕಂಡದ್ದೆಲ್ಲ ಆಮೇಲೆ ಎಂದೋ ತಾನೇ ಕೂತು ಕಟ್ಟಿದ್ದು. ಬಣ್ಣ ಕೂಡಿಸಿ, ನಯ ಮಾಡಿ, ಯಾರಿಗೂ ಗುರುತು ಸಿಗದ ಹಾಗೆ. ಅವಳ ಇಲ್ಲವನ್ನೂ ಅವನೇ ಅಂದುಕೊಂಡಿದ್ದ. ಅವನಿಗೆ ತನ್ನ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಬೈಯೋಣವೆಂದರೆ ಈ ಸಲ ಎದುರಿಗೆ ಬೇರೆ ಯಾರೂ ಇರಲಿಲ್ಲ.

"ಈಗ ಕೇಳ್ತೀನಿ" ಅಂದ.

"ಏನಂತ?"

"ಬೇಜಾರಾಗಿತ್ತಾ?"

ಅವಳು ಒಲೆಯ ಕಡೆ ನೋಡಿದಳು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅವನಿಗೆ ಹೋಗ್ಲಿ ಬಿಡಿ ಎನ್ನುವ ಮಾತು ಬಂದೇಬಿಟ್ಟಿತು ಅನ್ನಿಸಿತು; ಬಂದರೆ ಸಾಕು ಎಂದೂ, ದೇವರೇ ಬಾರದಿರಲಿ ಎಂದೂ ಒಟ್ಟಿಗೇ ಅನ್ನಿಸಿತು.

"ಹೂಂ" ಅಂದಳು. ಕೈ ಒರೆಸಿಕೊಂಡು ಒಲೆ ಆರಿಸಿದಳು. ಗೋಡೆಗೆ ಒರಗಿಸಿದ್ದ ಕುರ್ಚಿಯನ್ನು ಎಳೆದು ಅವನೆದುರಿಗೆ ಹಾಕಿಕೊಂಡು ಕೂತಳು.

"ಮೊದಲನೇ ವರ್ಷದಿಂದ ಹೇಳ್ಲಾ, ಕೊನೇ ವರ್ಷದಿಂದ ಹೇಳ್ಲಾ?"